ವೇರಿಯಬಲ್ ವಾಲ್ವ್ ಟೈಮಿಂಗ್ ದೋಷ

ವೇರಿಯಬಲ್ ವಾಲ್ವ್ ಟೈಮಿಂಗ್ ಅಥವಾ ವಿವಿಟಿ ಎಂಬುದು ಎಂಜಿನ್‌ನ ವಾಲ್ವ್‌ಗಳು ತೆರೆದು ಮುಚ್ಚುವ ಸಮಯವನ್ನು ವೇಗ ಮತ್ತು ಭಾರಕ್ಕೆ ಅನುಗುಣವಾಗಿ ಬದಲಿಸುವ ವ್ಯವಸ್ಥೆ. ಇದರಲ್ಲಿ ಕಾಣಿಸಿಕೊಳ್ಳುವ ದೋಷಗಳಿಗೆ ಎಂಜಿನ್ ಆಯಿಲ್‌ನ ಕೊರತೆ ಅಥವಾ ಕೊಳೆ ಸಾಮಾನ್ಯ ಕಾರಣವಾಗಿದೆ.

ಹಿನ್ನೆಲೆ

1980ರಲ್ಲಿ ಆಲ್ಫಾ ರೋಮಿಯೊ ಸಂಸ್ಥೆಯು ಸ್ಪೈಡರ್ ಕಾರಿನಲ್ಲಿ ಈ ತಂತ್ರವನ್ನು ಬಳಸಿತು. ಟೊಯೊಟಾದ ವಿವಿಟಿ-ಐ 1990ರ ದಶಕದ ಮಧ್ಯಭಾಗದಲ್ಲಿ ಬಂದಿತು. ಕರ್ನಾಟಕದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗಿ 2005ರಲ್ಲಿ ಮಾರುಕಟ್ಟೆಗೆ ಬಂದ ಇನ್ನೋವಾದ 2.0 ಲೀಟರ್ ಪೆಟ್ರೋಲ್ ಎಂಜಿನ್ ಈ ವ್ಯವಸ್ಥೆಯನ್ನು ಹೊಂದಿತ್ತು.

ಕಾರ್ಯವಿಧಾನ

ಕ್ಯಾಮ್‌ಶಾಫ್ಟ್‌ನ ತುದಿಯಲ್ಲಿರುವ ಗಾಲಿಯೊಳಗೆ ಸಣ್ಣ ಕೋಣೆಗಳಿರುತ್ತವೆ. ವಿದ್ಯುತ್ ಚಾಲಿತ ಆಯಿಲ್ ನಿಯಂತ್ರಣ ವಾಲ್ವ್ ಆ ಕೋಣೆಗಳಿಗೆ ಒತ್ತಡದ ಆಯಿಲ್ ಹಾಯಿಸಿದಾಗ ಕ್ಯಾಮ್‌ಶಾಫ್ಟ್ ಕೆಲವು ಡಿಗ್ರಿ ಮುಂದಕ್ಕೆ ಅಥವಾ ಹಿಂದಕ್ಕೆ ತಿರುಗುತ್ತದೆ. ಹೀಗಾಗಿ ಆಯಿಲ್ ಇಲ್ಲಿ ಕೇವಲ ಜಾರುವಿಕೆಗಲ್ಲ, ಚಲನೆಗೂ ಸಾಧನವಾಗಿದೆ.

ಲಕ್ಷಣಗಳು

ಎಂಜಿನ್ ಎಚ್ಚರಿಕೆ ದೀಪ ಹೊತ್ತಿಕೊಳ್ಳುವುದು, ನಿಂತಲ್ಲಿ ಎಂಜಿನ್ ಅದುರುವುದು ಅಥವಾ ಆರಿಹೋಗುವುದು, ಎಳೆತ ಕುಗ್ಗುವುದು, ಇಂಧನದ ಖರ್ಚು ಹೆಚ್ಚುವುದು ಪ್ರಮುಖ ಲಕ್ಷಣಗಳು. ಇನ್‌ಟೇಕ್ ಕ್ಯಾಮ್‌ಶಾಫ್ಟ್ ಮುಂದಿನ ಸ್ಥಾನದಲ್ಲೇ ಸಿಕ್ಕಿಕೊಂಡರೆ ನಿಂತಾಗ ಅದುರುವಿಕೆ, ಹಿಂದಿನ ಸ್ಥಾನದಲ್ಲೇ ಉಳಿದರೆ ಎಳೆತದ ಕೊರತೆ ಎದ್ದು ಕಾಣುತ್ತದೆ.

ದೋಷಪತ್ತೆ

ಸ್ಕ್ಯಾನರ್ ತೋರಿಸುವ ಸಂಕೇತವು ಲಕ್ಷಣವನ್ನು ಹೇಳುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ. ಪ್ರಮುಖ ಸಂಕೇತಗಳು ಹೀಗಿವೆ:

* ಪಿ0010: ನಿಯಂತ್ರಣ ವಾಲ್ವ್‌ನ ವಿದ್ಯುತ್ ಮಂಡಲದ ದೋಷ
* ಪಿ0011: ಕ್ಯಾಮ್‌ಶಾಫ್ಟ್ ಅತಿಯಾಗಿ ಮುಂದಿರುವುದು
* ಪಿ0012: ಕ್ಯಾಮ್‌ಶಾಫ್ಟ್ ಅತಿಯಾಗಿ ಹಿಂದಿರುವುದು
* ಪಿ0016: ಕ್ರ್ಯಾಂಕ್‌ಶಾಫ್ಟ್ ಮತ್ತು ಕ್ಯಾಮ್‌ಶಾಫ್ಟ್‌ಗಳ ಹೊಂದಾಣಿಕೆ ತಪ್ಪಿರುವುದು

ಪರೀಕ್ಷೆಯನ್ನು ಕಡಿಮೆ ಖರ್ಚಿನ ಹಂತದಿಂದ ಆರಂಭಿಸುವುದು ವಾಡಿಕೆ. ಮೊದಲು ಆಯಿಲ್‌ನ ಮಟ್ಟ, ಕೊಳೆ ಮತ್ತು ದರ್ಜೆಯನ್ನು ನೋಡಬೇಕು. ಬಳಿಕ ವೈರ್ ಮತ್ತು ಕನೆಕ್ಟರ್‌ಗಳನ್ನು ಪರಿಶೀಲಿಸಿ, ನಿಯಂತ್ರಣ ವಾಲ್ವ್‌ನ ವಿದ್ಯುತ್ ರೋಧವನ್ನು ಮಲ್ಟಿಮೀಟರ್‌ನಿಂದ ಅಳೆಯಬೇಕು. ಟೊಯೊಟಾದ ಹಲವು ಎಂಜಿನ್‌ಗಳಲ್ಲಿ ಇದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 6.9ರಿಂದ 7.9 ಓಮ್ ಇರುತ್ತದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಸ್ಕ್ಯಾನರ್ ಮೂಲಕ ಇನ್‌ಟೇಕ್ ಬದಿಯ ವಾಲ್ವ್ ಚಾಲೂ ಮಾಡಿದರೆ ಎಂಜಿನ್ ಅದುರಬೇಕು ಅಥವಾ ಆರಿಹೋಗಬೇಕು. ಏನೂ ಬದಲಾಗದಿದ್ದರೆ ವಾಲ್ವ್, ಆಯಿಲ್ ಮಾರ್ಗ ಅಥವಾ ಗಾಲಿಯಲ್ಲಿ ತಡೆಯಿದೆ ಎಂದರ್ಥ.

ದುರಸ್ತಿ

ಕೊಳೆಯೇ ಕಾರಣವಾಗಿದ್ದರೆ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಆಯಿಲ್ ಹಾಗೂ ಹೊಸ ಫಿಲ್ಟರ್ ಹಾಕಿ, ನಿಯಂತ್ರಣ ವಾಲ್ವ್ ಮತ್ತು ಅದರ ಜಾಲರಿಯನ್ನು ಶುಚಿಗೊಳಿಸಲಾಗುತ್ತದೆ. ರೋಧ ಮಿತಿಯಲ್ಲಿಲ್ಲದಿದ್ದರೆ ವಾಲ್ವ್ ಬದಲಿಸಬೇಕು. ಗಾಲಿಯ ಬದಲಾವಣೆಗೆ ಟೈಮಿಂಗ್ ಚೈನ್ ಬಿಚ್ಚಬೇಕಾಗುವುದರಿಂದ ಅದು ಕೊನೆಯ ಹಂತ. ದುರಸ್ತಿಯ ನಂತರ ಸಂಕೇತ ಅಳಿಸಿ, ವಾಹನ ಓಡಿಸಿ ಮತ್ತೆ ಪರೀಕ್ಷಿಸಲಾಗುತ್ತದೆ.

ಎಚ್ಚರಿಕೆ

ಪಿ0016 ಸಂಕೇತದೊಂದಿಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ ಚೈನ್ ಗಲಗಲ ಸದ್ದು ಕೇಳಿದರೆ ಚೈನ್ ಸವೆದು ಉದ್ದವಾಗಿರುವ ಸಾಧ್ಯತೆಯಿದೆ. ಅದು ಹಲ್ಲು ಜಾರಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ಎಂಜಿನ್ ಹಾಳಾಗುತ್ತದೆ. ಆದ್ದರಿಂದ ಇಂತಹ ವಾಹನವನ್ನು ಚೈನ್ ಪರೀಕ್ಷಿಸುವವರೆಗೆ ಓಡಿಸಬಾರದು.