ಮನೆ ವೈರಿಂಗ್: ನಿಯಮ ಹೊಸದು, ಮನೆ ಹಳೆಯದು

ಓಮಲೂರು: ತಾರಮಂಗಲ, ಜಲಕಂಠಾಪುರ ಕಡೆಯ ಹಳೆಯ ನೇಕಾರರ ಮನೆಗಳಲ್ಲಿ ಗೋಡೆಯ ಮೇಲೆ ಮರದ ಪಟ್ಟಿ ಬಡಿದು ಎಳೆದ ವೈರಿಂಗ್ ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ. ಎರಡು ದೀಪಕ್ಕೆಂದು ಎಳೆದ ತಂತಿಗೆ ಕಾಲಕ್ರಮದಲ್ಲಿ ಗ್ರೈಂಡರ್, ಫ್ರಿಜ್, ನೀರಿನ ಮೋಟಾರು ಸೇರಿಕೊಂಡಿವೆ. ಇಂಥ ಮನೆಗಳಿಗೂ ಈಗ ಹೊಸ ನಿಯಮ ಬಂದಿದೆ.

ನಿಯಮ ಬದಲಾದ ಬಗೆ

1956ರ ಭಾರತೀಯ ವಿದ್ಯುತ್ ನಿಯಮಗಳಡಿ ಸೋರಿಕೆ ತಡೆಯುವ ಉಪಕರಣದಿಂದ 5 ಕಿಲೋವ್ಯಾಟ್‌ಗಿಂತ ಕಡಿಮೆ ಲೋಡಿನ ಮನೆಗಳಿಗೆ ವಿನಾಯಿತಿ ಇತ್ತು. ಬಡವರ ಮನೆಗಳೆಲ್ಲ ಈ ವಿನಾಯಿತಿಯಲ್ಲೇ ಇದ್ದವು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಬಂತು, 2023ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಅದೇ ವರ್ಷ ತಮಿಳುನಾಡು ವಿದ್ಯುತ್ ನಿಯಂತ್ರಣ ಆಯೋಗವು ವಿತರಣಾ ಸಂಹಿತೆಯನ್ನು ತಿದ್ದಿ, ಬಳಕೆದಾರರು ಆರ್.ಸಿ.ಡಿ. ಅಳವಡಿಸುವುದನ್ನು ಕಡ್ಡಾಯ ಮಾಡಿತು. ಮನೆಗಳಿಗೆ ಇದರ ಮಿತಿ 30 ಮಿಲಿ ಆಂಪಿಯರ್. ತಮಿಳಿನಲ್ಲಿ 'ಮಿನ್‌ಕಸಿವು' ಎನ್ನುವ ವಿದ್ಯುತ್ ಸೋರಿಕೆಯನ್ನು ಹಿಡಿಯುವ ಸಾಧನವಿದು.

ಫ್ಯೂಸ್ ಇದ್ದರೆ ಸಾಲದೇ?

ಸಾಲದು. ಫ್ಯೂಸ್ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 60 ವ್ಯಾಟ್ ಬಲ್ಬು ಸುಮಾರು 260 ಮಿಲಿ ಆಂಪಿಯರ್ ಎಳೆಯುತ್ತದೆ. ಅದರ ಒಂಬತ್ತನೇ ಒಂದು ಪಾಲು ಕರೆಂಟ್ ಎದೆಯ ಮೂಲಕ ಹರಿದರೂ ಜೀವಕ್ಕೆ ಅಪಾಯ. 5 ಆಂಪಿಯರ್ ಫ್ಯೂಸ್‌ಗೆ ಅದು ತಿಳಿಯುವುದೇ ಇಲ್ಲ. ಆರ್.ಸಿ.ಡಿ. ಮಾತ್ರ ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಹಿಂದಿರುಗಿತೇ ಎಂದು ನೋಡುತ್ತದೆ. ವ್ಯತ್ಯಾಸ ಕಂಡರೆ ಕ್ಷಣದಲ್ಲಿ ಕಡಿದುಹಾಕುತ್ತದೆ. ಆದರೆ ಒಬ್ಬರೇ ಫೇಸ್, ನ್ಯೂಟ್ರಲ್ ಎರಡನ್ನೂ ಹಿಡಿದರೆ ಅದು ಕಾಪಾಡಲಾರದು.

ತೊಂದರೆ ಎಲ್ಲಿ?

ಹಳೆಯ ಮನೆಗೆ ಈ ಸಾಧನ ಹಾಕಿದ ಕೂಡಲೇ ಅದು ಪದೇಪದೇ ಬೀಳಬಹುದು. ತೇವ ಹಿಡಿದ ಸ್ವಿಚ್ ಬೋರ್ಡ್, ಅರ್ತ್ ತಂತಿಗೆ ತಾಗಿದ ನ್ಯೂಟ್ರಲ್, ಮನೆಗೊಂದು ಮಗ್ಗಕ್ಕೊಂದು ಮೀಟರ್ ಇರುವಲ್ಲಿ ಒಂದರ ನ್ಯೂಟ್ರಲ್ ಇನ್ನೊಂದಕ್ಕೆ ಸೇರಿರುವುದು, ಇವೇ ಸಾಮಾನ್ಯ ಕಾರಣಗಳು. ದೋಷ ಸಾಧನದ್ದಲ್ಲ, ವೈರಿಂಗಿನದು. ಆದರೆ ಸರಿಪಡಿಸಲು ಸಾಧನಕ್ಕಿಂತ ಹೆಚ್ಚು ಖರ್ಚು. ಆದ್ದರಿಂದ ನೇರ ಜೋಡಿಸಿಬಿಡಿ ಎಂದು ಮನೆಯವರು ಒತ್ತಾಯಿಸುವುದುಂಟು. ಅಲ್ಲಿಗೆ ನಿಯಮ ಬರೀ ಪೆಟ್ಟಿಗೆಯಾಗಿ ಉಳಿಯುತ್ತದೆ.

ವೈರ್‌ಮ್ಯಾನ್‌ಗಳ ಪಾಡು

ವೈರಿಂಗ್ ಕೆಲಸ ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕವೇ ಆಗಬೇಕು, ಹೊಸ ಸಂಪರ್ಕಕ್ಕೆ ಅವರ ಪರೀಕ್ಷಾ ವರದಿ ಬೇಕು. ಊರುಗಳಲ್ಲಿ ಕೆಲಸ ಮಾಡುವವರಲ್ಲಿ ಅನೇಕರು ಅಣ್ಣನ ಜೊತೆ, ಮಾವನ ಜೊತೆ ಹೋಗಿ ಕಲಿತವರು. ಕೈಯಲ್ಲಿ ಕೆಲಸವಿದೆ, ಕಾಗದವಿಲ್ಲ. ಹೀಗಾಗಿ ದುಡಿಮೆ ಇವರದು, ಸಹಿ ಇನ್ನೊಬ್ಬರದು ಎಂಬಂತಾಗುತ್ತದೆ. ಅವಘಡವಾದರೆ ಹೊಣೆ ಯಾರದೆಂಬುದೂ ಸಿಕ್ಕಾಗುತ್ತದೆ.

ಇಂಥವರಿಗೆ ಒಂದು ದಾರಿಯಿದೆ. ರಾಜ್ಯದ ಉದ್ಯೋಗ ಮತ್ತು ತರಬೇತಿ ಇಲಾಖೆ ಸರ್ಕಾರಿ ಐ.ಟಿ.ಐ.ಗಳಲ್ಲಿ ವೈರ್‌ಮ್ಯಾನ್ ಸಹಾಯಕರ ಅರ್ಹತಾ ಪರೀಕ್ಷೆ ನಡೆಸುತ್ತದೆ. 21 ವರ್ಷ ತುಂಬಿ, ವೈರಿಂಗ್ ಕೆಲಸದಲ್ಲಿ 5 ವರ್ಷಕ್ಕೆ ಕಡಿಮೆಯಿಲ್ಲದ ಅನುಭವವಿದ್ದವರು ಬರೆಯಬಹುದು. ಪರವಾನಗಿ ರಾಜ್ಯವಾರು ವಿಷಯವಾದ್ದರಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಕರ್ನಾಟಕದ ನಿಯಮವನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮನೆಯವರು ಗಮನಿಸಬೇಕಾದ್ದು

* ಮೊದಲು ಅರ್ತಿಂಗ್ ಪರೀಕ್ಷಿಸಿ. ಅದು ಸರಿಯಿದ್ದರೆ ಯಾರೂ ಮುಟ್ಟುವ ಮೊದಲೇ ಆರ್.ಸಿ.ಡಿ. ಬೀಳುತ್ತದೆ.
* ಐ.ಎಸ್.ಐ. ಗುರುತಿರುವ ವೈರ್, ಉಪಕರಣಗಳನ್ನೇ ಕೊಳ್ಳಿ.
* ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ.
* ಬಟ್ಟೆ ಒಣಹಾಕುವ ಕಬ್ಬಿಣದ ತಂತಿ ಸರ್ವಿಸ್ ವೈರಿನ ಹತ್ತಿರ ಬೇಡ.
* ಪದೇಪದೇ ಬಿದ್ದರೆ ಸಾಧನ ತೆಗೆಸಬೇಡಿ, ಸೋರಿಕೆ ಹುಡುಕಿಸಿ.

ಮಳೆಗಾಲಕ್ಕೆ ಮುಂಚೆ ಒಂದು ದಿನದ ಕೂಲಿ ಕೊಟ್ಟು ವೈರಿಂಗ್ ತೋರಿಸಿಕೊಂಡರೆ ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟುವ ಮನೆಯಾಕೆಯ ಜೀವ ಉಳಿದೀತು.