ಮೂರು ಬಲ್ಬು, ಒಂದು ರಾಟೆ

ಗಾಂಧೀಜಿ ಮತ್ತು ರಾಟೆಯ ಆ ಕಪ್ಪುಬಿಳುಪು ಫೋಟೋ ನಿಮಗೆಲ್ಲ ಗೊತ್ತೇ ಇರುತ್ತೆ. ಒಂದು ಚಿಕ್ಕ ಪರೀಕ್ಷೆ. ಕಣ್ಣು ಮುಚ್ಚಿ ನೆನಪಿಸಿಕೊಂಡು ಹೇಳಿ, ಅದರಲ್ಲಿ ಗಾಂಧೀಜಿ ಏನು ಮಾಡ್ತಿದ್ದಾರೆ?

ನೂಲ್ತಿದ್ದಾರೆ ಅಂದ್ರಾ? ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ಮೊನ್ನೆ ಮತ್ತೆ ನೋಡಿದಾಗ ಬೆಪ್ಪಾದೆ :) ಅವರು ನೂಲ್ತಿಲ್ಲ, ಓದ್ತಿದ್ದಾರೆ. ನೆಲದ ಮೇಲೆ ಹಾಸು, ಬರಿಮೈ, ಕನ್ನಡಕ, ಕೈಯಲ್ಲಿ ಕಾಗದ, ತಗ್ಗಿದ ಮುಖ. ಹಿಂದೆ ಕಿಟಕಿಯ ಬೆಳಕು. ರಾಟೆ ಮಾತ್ರ ಮುಂದೆ, ಅವರಿಗಿಂತ ದೊಡ್ಡದಾಗಿ ಸುಮ್ಮನೆ ನಿಂತಿದೆ. ತಿರುಗದೆ ನಿಂತ ಆ ಚಕ್ರವೇ ಕೋಣೆಯನ್ನೆಲ್ಲ ಶಾಂತವಾಗಿಸಿದೆ ಅನ್ನಿಸುತ್ತೆ. ಈ ಶಾಂತಿ ಎಲ್ಲಿಂದ ಬಂತು ಅಂತ ಹುಡುಕಹೊರಟವನಿಗೆ ಸಿಕ್ಕಿದ್ದು ಸಾಕಷ್ಟು ಗಡಿಬಿಡಿಯ ಕಥೆ.

ಫೋಟೋ ತೆಗೆದವಳು ಮಾರ್ಗರೆಟ್ ಬರ್ಕ್-ವೈಟ್. ಅಮೆರಿಕದ 'ಲೈಫ್' ಪತ್ರಿಕೆಯವಳು. 1936ರಲ್ಲಿ ಅದರ ಮೊದಲ ಸಂಚಿಕೆಯ ಮುಖಪುಟದ ಚಿತ್ರ ಆಕೆಯದೇ. ಆಕೆ ಪಳಗಿದ್ದು ಕಾರ್ಖಾನೆಗಳಲ್ಲಿ. 1920ರ ದಶಕದ ಕೊನೆಗೆ ಕ್ಲೀವ್‌ಲ್ಯಾಂಡಿನ ಉಕ್ಕಿನ ಕಾರ್ಖಾನೆಯೊಳಗೆ ಕ್ಯಾಮೆರಾ ಹೊತ್ತು ಹೋದಳು. ಕರಗಿದ ಉಕ್ಕಿನ ಕೆಂಪು ಬೆಳಕು ಆಗಿನ ಫಿಲ್ಮಿಗೆ ಕಾಣುತ್ತಲೇ ಇರಲಿಲ್ಲ. ಮೆಗ್ನೀಷಿಯಂ ಪಂಜು ಉರಿಸಿ ಆ ಕತ್ತಲಿಗೆ ಬಿಳಿ ಬೆಳಕು ತಂದಳು. 1945ರಲ್ಲಿ ಬುಕೆನ್‌ವಾಲ್ಡ್ ಶಿಬಿರದ ಹೆಣಗಳನ್ನೂ, ಬದುಕಿ ಉಳಿದವರನ್ನೂ ಚಿತ್ರಿಸಿದಳು. ಅಲ್ಲಿಂದ ಒಂದು ವರ್ಷದೊಳಗೆ ಆಕೆ ಇದ್ದದ್ದು ಇಂಡಿಯಾದಲ್ಲಿ, ಯಂತ್ರಗಳ ಬಗ್ಗೆ ಅಷ್ಟೇನೂ ಒಲವಿಲ್ಲದ ಮುದುಕರೊಬ್ಬರ ಬಾಗಿಲಲ್ಲಿ.

1946, ಪುಣೆ. ಮುಂದಿನದನ್ನು ಆಕೆಯೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾಳೆ. ಕಾರ್ಯದರ್ಶಿ ಕೇಳಿದ ಪ್ರಶ್ನೆ: ನಿಮಗೆ ನೂಲೋಕೆ ಬರುತ್ತಾ? ಬರಲ್ಲ. ಹಾಗಾದ್ರೆ ಮೊದಲು ಕಲೀರಿ. ಪತ್ರಿಕೆಗೆ ಫೋಟೋ ಕಳಿಸುವ ಅವಸರದಲ್ಲಿದ್ದವಳು ಹಂಜಿ ಹಿಡಿದು ಕೂತಳು. ದಾರ ಪದೇ ಪದೇ ಕಿತ್ತುಬರುತ್ತಿತ್ತು. (ಶಾಲೆಯಲ್ಲಿ ತಕಲಿ ತಿರುಗಿಸಿದವರಿಗೆ ಆ ಕಷ್ಟ ಬಿಡಿಸಿ ಹೇಳಬೇಕಿಲ್ಲ!) ಅದು ಮುಗಿದ ಮೇಲೆ ಇನ್ನೆರಡು ಷರತ್ತು. ಅವತ್ತು ಗಾಂಧೀಜಿಯ ಮೌನದ ದಿನ, ಮಾತಾಡಿಸಬಾರದು. ಎರಡನೆಯದು, ಅವರಿಗೆ ಕಣ್ಣು ಕೋರೈಸುವ ಬೆಳಕು ಆಗಲ್ಲ, ಫ್ಲ್ಯಾಶ್ ಬೇಡ. ಕೋಣೆಯೋ ಮಬ್ಬುಗತ್ತಲು. ಬೇಡಿ ಕಾಡಿ ಕೊನೆಗೆ ಮೂರು ಬಲ್ಬುಗಳಿಗೆ ಒಪ್ಪಿಗೆ ಪಡೆದಳು. ಆ ಕಾಲದ ಫ್ಲ್ಯಾಶ್ ಬಲ್ಬು ಒಂದು ಸಲ ಹೊತ್ತಿದರೆ ಮುಗೀತು, ಬಿಸಾಡಬೇಕು. ಅಂದರೆ ಮೂರೇ ಅವಕಾಶ.

ಮೊದಲನೆಯದು ಕೈಕೊಟ್ಟಿತು. ಎರಡನೆಯದು ಚೆನ್ನಾಗಿಯೇ ಬೆಳಗಿತು, ಆದರೆ ಫಿಲ್ಮಿನ ಮುಂದಿನ ಸ್ಲೈಡ್ ಎಳೆಯುವುದನ್ನೇ ಆಕೆ ಮರೆತಿದ್ದಳು! ಮೂರನೆಯದು ಸರಿಹೋಯ್ತು.

ಉಕ್ಕಿನ ಕುಲುಮೆಗೇ ಬೆಳಕು ತಂದವಳಿಗೆ ಒಬ್ಬ ಮುದುಕರ ಓದುವ ಕೋಣೆಯಲ್ಲಿ ಕೈ ನಡುಗಿತಲ್ಲ ಅಂತ ನಗು ಬರುತ್ತೆ.

ಇದನ್ನೆಲ್ಲ ಓದಿದ ಮೇಲೆ, ಹಾಗಾದ್ರೆ ಆ ಶಾಂತಿಯೂ ಸಿದ್ಧಪಡಿಸಿದ್ದೇ ಅಲ್ವಾ ಅಂತ ಸ್ವಲ್ಪ ಬೇಜಾರಾಯ್ತು. ರಾಟೆ ಮುಂದೆ ಬರುವ ಹಾಗೆ ಕ್ಯಾಮೆರಾ ಇಟ್ಟಿದ್ದು ಆಕೆ. ಬೆಳಕು ಆಕೆಯ ಬಲ್ಬಿನದು. ಆದರೆ ಸಿದ್ಧಪಡಿಸಿದವಳು ಆಕೆಯೊಬ್ಬಳೇನಾ? ನೂಲೋದು ಕಲಿತು ಬಾ, ಮಾತಾಡಬೇಡ, ಮೂರೇ ಬಲ್ಬು... ಈ ಷರತ್ತುಗಳಲ್ಲೇ ಅರ್ಧ ಚಿತ್ರ ತಯಾರಾಗಿತ್ತು ಅಂತ ನನ್ನ ಅನಿಸಿಕೆ. ಒಂದು ತುಂಡು ಬಟ್ಟೆ, ಒಂದು ಹಿಡಿ ಉಪ್ಪು ಏನು ಹೇಳಬಲ್ಲದು ಅಂತ ಗಾಂಧೀಜಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಮುಖಕ್ಕೆ ಎರಡು ಸಲ ಮಿಂಚು ಹೊಡೆದ ಮೇಲೂ ಕಾಗದದಿಂದ ಕಣ್ಣೆತ್ತದೆ ಕೂತಿದ್ದಾರಲ್ಲ, ಅದನ್ನು ಯಾವ ಕ್ಯಾಮೆರಾದವರೂ ಹೇಳಿ ಮಾಡಿಸಲಾರರು.

ಹೊರಗಂತೂ ಶಾಂತಿ ಇರಲಿಲ್ಲ. ಅದೇ 1946ರ ಮಾರ್ಚಿನಲ್ಲಿ ಕ್ಯಾಬಿನೆಟ್ ಮಿಷನ್ ಬಂದಿತ್ತು, ದೇಶ ಒಡೆಯುತ್ತೋ ಉಳಿಯುತ್ತೋ ಅನ್ನೋ ಮಾತು. ಆಗಸ್ಟಿನಲ್ಲಿ ಕಲ್ಕತ್ತೆಯ ಹತ್ಯಾಕಾಂಡ. ಬೀದಿಯ ಹೆಣಗಳನ್ನು, ಅವಕ್ಕಾಗಿ ಕಾದು ಕೂತ ಹದ್ದುಗಳನ್ನು ಚಿತ್ರಿಸಿದ್ದೂ ಇದೇ ಬರ್ಕ್-ವೈಟ್. ಎರಡನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ನೋಡಿ.

'ಲೈಫ್' ಕೂಡ ಈ ಫೋಟೋವನ್ನು ಆಗ ದೊಡ್ಡದಾಗಿ ಹಾಕಲಿಲ್ಲ. ಆ ವರ್ಷ ಪ್ರಕೃತಿ ಚಿಕಿತ್ಸೆಯ ಲೇಖನವೊಂದರ ಜೊತೆ ಸಣ್ಣದಾಗಿ ಬಂತು, ಅಷ್ಟೆ. ಅದಕ್ಕೆ ದೊಡ್ಡ ಜಾಗ ಸಿಕ್ಕಿದ್ದು 1948ರಲ್ಲಿ, ಅವರ ಕೊಲೆಯಾದ ಮೇಲಿನ ಶ್ರದ್ಧಾಂಜಲಿಯಲ್ಲಿ. ನಾವೆಲ್ಲ ಅದನ್ನು ನೋಡುತ್ತಾ ಬಂದಿರೋದು ಸಾವಿನ ಆಚೆಯಿಂದಲೇ. ಓದುತ್ತಿರುವ ಮನುಷ್ಯ ನಮ್ಮ ಕಣ್ಣಿಗೆ ಧ್ಯಾನಕ್ಕೆ ಕೂತವರಾಗಿ ಕಾಣೋದು ಅದಕ್ಕೇ ಇರಬೇಕು. ಆಮೇಲೆ ಕಂಪ್ಯೂಟರ್ ಮಾರೋ ಜಾಹೀರಾತಿಗೂ ಬಳಸಿಕೊಂಡರು, ಅದಿರಲಿ.

1948ರ ಜನವರಿ 30ರಂದು, ಗುಂಡು ಬೀಳುವುದಕ್ಕೆ ಕೆಲವೇ ಗಂಟೆ ಮೊದಲು, ಬರ್ಕ್-ವೈಟ್ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯ ಸಂದರ್ಶನ ಮಾಡಿದ್ದಳು. ಸುದ್ದಿ ಕೇಳಿ ಮತ್ತೆ ಓಡಿಬಂದಳು. ದೇಹ ಇಟ್ಟಿದ್ದ ಕೋಣೆಯಲ್ಲಿ ಫ್ಲ್ಯಾಶ್ ಹಾರಿಸಿದಾಗ ಅಲ್ಲಿದ್ದವರು ರೇಗಿ, ಕ್ಯಾಮೆರಾ ಕಿತ್ತುಕೊಂಡು, ಫಿಲ್ಮು ಹಾಳುಮಾಡಿ, ಆಕೆಯನ್ನು ಹೊರಗೆ ಕಳಿಸಿದರು ಅಂತಾರೆ. ಎಷ್ಟು ಬಲ್ಬು ಅಂತ ಮಾತಾಡಿಕೊಳ್ಳೋಕೆ ಈ ಸಲ ಯಾರೂ ಇರಲಿಲ್ಲ.