ಗಾಳಿ ಯಾರದು, ಗಳಿಕೆ ಯಾರದು: ಗೀಯಾ ದ್ವೀಪದ ಪುನಶ್ಚೇತನದಲ್ಲಿ ಒಡೆತನದ ಪಾತ್ರ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಕಿಂಟೈರ್ ಪರ್ಯಾಯದ್ವೀಪದ ಮಗ್ಗುಲಲ್ಲಿರುವ ಗೀಯಾ ಹತ್ತು ಕಿಲೋಮೀಟರ್ ಉದ್ದವೂ ಇಲ್ಲದ ದ್ವೀಪ. 18ನೇ ಶತಮಾನದಲ್ಲಿ ಇಲ್ಲಿ ಸುಮಾರು 700 ಜನ ಬದುಕುತ್ತಿದ್ದರು. 2001ರ ಜನಗಣತಿಯಲ್ಲಿ ಸಿಕ್ಕವರು 110. ನೆಲ, ಹೊಲ, ಹೆಚ್ಚಿನ ಮನೆಗಳೆಲ್ಲ ಒಬ್ಬ ಜಮೀನುದಾರನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುತ್ತಿದ್ದವು. ಒಡೆಯ ಬದಲಾದಾಗಲೆಲ್ಲ ಊರಿನವರ ಭವಿಷ್ಯವೂ ಅವನ ಮರ್ಜಿಗೆ ಬೀಳುತ್ತಿತ್ತು.

2002ರ ಮಾರ್ಚ್‌ನಲ್ಲಿ ಈ ಸರಪಳಿ ಕಡಿಯಿತು. ದ್ವೀಪ ಮಾರಾಟಕ್ಕೆ ಬಂದಾಗ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ಸುಮಾರು 40 ಲಕ್ಷ ಪೌಂಡಿಗೆ ಅದನ್ನು ಕೊಂಡರು. ಹಣದ ದೊಡ್ಡ ಪಾಲು ಸ್ಕಾಟಿಷ್ ಲ್ಯಾಂಡ್ ಫಂಡ್‌ನಿಂದ ಬಂತು. ಆದರೆ ಅದರಲ್ಲಿ 10 ಲಕ್ಷ ಪೌಂಡನ್ನು ಎರಡೇ ವರ್ಷದಲ್ಲಿ ಮರಳಿಸಬೇಕೆಂಬ ಕರಾರಿತ್ತು. ಟ್ರಸ್ಟ್ ಆಕಮೋರ್ ಬಂಗಲೆಯನ್ನು ಮಾರಿ, ಪ್ರಸಿದ್ಧವಾದ ಅದರ ತೋಟವನ್ನು ಊರಿಗೇ ಉಳಿಸಿಕೊಂಡು, ಉಳಿದದ್ದನ್ನು ಚಂದಾ ಎತ್ತಿ ಹೊಂದಿಸಿ, ಗಡುವಿನೊಳಗೆ ಸಾಲ ತೀರಿಸಿತು.

ನೆಲ ಕೈಗೆ ಬಂದರೂ ಮನೆಗಳ ಸ್ಥಿತಿ ಕಂಗೆಡಿಸುವಂತಿತ್ತು. ಟ್ರಸ್ಟಿನ ಪಾಲಿಗೆ ಬಂದ ಮನೆಗಳಲ್ಲಿ ಶೇ. 75ರಷ್ಟು ವಾಸಕ್ಕೆ ಇರಬೇಕಾದ ಕನಿಷ್ಠ ಮಟ್ಟಕ್ಕಿಂತ ಕೆಳಗಿವೆ ಎಂದು ಸಮೀಕ್ಷೆ ಹೇಳಿತು. ಮನೆಬಾಡಿಗೆಯ ಹಣದಿಂದ ಇಷ್ಟು ಕೆಲಸ ಸಾಗುವಂತಿರಲಿಲ್ಲ. ಅಟ್ಲಾಂಟಿಕ್ ಕಡೆಯಿಂದ ಬೀಸುವ ಗಾಳಿಗೆ ಮಾತ್ರ ಬರವಿರಲಿಲ್ಲ.

ಟ್ರಸ್ಟ್ ಆರಿಸಿಕೊಂಡ ದಾರಿ ಗಮನಕ್ಕೆ ಅರ್ಹ. ಹೊಚ್ಚಹೊಸ ದೈತ್ಯ ಯಂತ್ರಗಳ ಬದಲು, ಇಂಗ್ಲೆಂಡಿನ ಕಂಬ್ರಿಯಾದ ಹ್ಯಾವರಿಗ್‌ನಲ್ಲಿ ದುಡಿದು ಬಂದಿದ್ದ ಮೂರು ಹಳೆಯ ವೆಸ್ಟಾಸ್ ವಿ27 ಟರ್ಬೈನುಗಳನ್ನು ಅದು ಖರೀದಿಸಿತು. ಒಂದೊಂದರ ಸಾಮರ್ಥ್ಯ 225 ಕಿಲೋವ್ಯಾಟ್. ಸಾಗಿಸಿ ನಿಲ್ಲಿಸುವವರೆಗೆ ತಗಲಿದ ಒಟ್ಟು ವೆಚ್ಚ ಸುಮಾರು 4.4 ಲಕ್ಷ ಪೌಂಡ್. ಇದರಲ್ಲಿ ಸ್ವಲ್ಪ ಅನುದಾನ, ಸ್ವಲ್ಪ ಸಾಲ, ಸ್ವಲ್ಪ ಷೇರು ಬಂಡವಾಳ. 2004ರ ಕೊನೆಗೆ ರೆಕ್ಕೆಗಳು ತಿರುಗತೊಡಗಿದವು. ದ್ವೀಪದವರು ಅವಕ್ಕೆ ಗೇಲಿಕ್‌ನಲ್ಲಿ ನಂಬಿಕೆ, ಭರವಸೆ, ಕರುಣೆ ಎಂಬರ್ಥದ ಹೆಸರಿಟ್ಟು, ಮೂವರನ್ನೂ ಸೇರಿಸಿ ‘ನರ್ತಕಿಯರು’ ಎಂದು ಕರೆದರು. ಸ್ಕಾಟ್ಲೆಂಡಿನಲ್ಲಿ ಸಮುದಾಯವೇ ಒಡೆತನ ಹೊಂದಿ ಗ್ರಿಡ್‌ಗೆ ಜೋಡಿಸಿದ ಮೊದಲ ಪವನ ವಿದ್ಯುತ್ ಘಟಕ ಇದು.

ಜನರಿಟ್ಟ ಹೆಸರುಗಳಷ್ಟೇ ಮುಖ್ಯವಾದದ್ದು ಅವರ ಲೆಕ್ಕದ ಪುಸ್ತಕ. ಹಳೆಯ ಯಂತ್ರಗಳಿಗೆ ಆಯಸ್ಸು ಕಡಿಮೆ ಎಂಬುದು ಗೊತ್ತಿದ್ದರಿಂದ, ಮುಂದೆ ಹೊಸದು ಕೊಳ್ಳಲೆಂದು ಆದಾಯದ ಒಂದು ಭಾಗವನ್ನು ತೆಗೆದಿಡುವ ಏರ್ಪಾಟು ಮೊದಲೇ ಆಗಿತ್ತು. ಸಾಲದ ಕಂತು, ನಿರ್ವಹಣೆ, ಈ ಮೀಸಲು ಎಲ್ಲ ಕಳೆದು ಉಳಿದದ್ದು ಮನೆಗಳ ನವೀಕರಣಕ್ಕೆ ಹೋಯಿತು. ಷೇರುದಾರರ ಲಾಭಾಂಶವಾಗಬಹುದಾಗಿದ್ದ ಹಣ ಯಾರದೋ ಮನೆಯ ಹೊಸ ಅಡುಗೆಕೋಣೆಯಾಯಿತು, ಚಳಿ ತಡೆಯುವ ಗೋಡೆಯಾಯಿತು. 2011ರ ಜನಗಣತಿಯಲ್ಲಿ ದ್ವೀಪದ ಜನಸಂಖ್ಯೆ 163ಕ್ಕೆ ಏರಿತ್ತು.

ತೊಡಕುಗಳೂ ಇದ್ದವು. ಮನೆಗಳ ದುರಸ್ತಿಗೆ ಎತ್ತಿದ ಸಾಲ ಟ್ರಸ್ಟಿಗೆ ಭಾರವಾಯಿತು. 2013ರಲ್ಲಿ ನಿಲ್ಲಿಸಿದ 330 ಕಿಲೋವ್ಯಾಟಿನ ನಾಲ್ಕನೆಯ ಟರ್ಬೈನಿಗೆ ಗ್ರಿಡ್‌ನ ಮಿತಿ ಅಡ್ಡಬಂದು, ಪೂರ್ಣ ಸಾಮರ್ಥ್ಯದಲ್ಲಿ ವಿದ್ಯುತ್ ಕಳಿಸುವುದು ಸಾಧ್ಯವಾಗಲಿಲ್ಲ. ಗಾಳಿ ಊರಿನದಾದರೂ ತಂತಿ ಊರಿನದಲ್ಲ. ಸಮುದಾಯದ ಯೋಜನೆಗಳನ್ನು ಹೊಗಳುವ ವರದಿಗಳು ಸಾಮಾನ್ಯವಾಗಿ ಈ ಅಂಶವನ್ನು ಹಾರಿಸಿಬಿಡುತ್ತವೆ.

ನಮ್ಮ ನೆರೆಯಲ್ಲೇ ಇನ್ನೊಂದು ಮಾದರಿಯಿದೆ. ತಮಿಳುನಾಡಿನ ಮೆಟ್ಟುಪಾಳ್ಯಂ ಬಳಿಯ ಓಡಂತುರೈ ಗ್ರಾಮ ಪಂಚಾಯಿತಿ 2006ರಲ್ಲಿ 350 ಕಿಲೋವ್ಯಾಟಿನ ಟರ್ಬೈನನ್ನು 1.55 ಕೋಟಿ ರೂಪಾಯಿಗೆ ಕೊಂಡಿತು. ಬಹುಪಾಲು ಬ್ಯಾಂಕ್ ಸಾಲ, ಮಿಕ್ಕದ್ದು ಪಂಚಾಯಿತಿಯದೇ ಉಳಿತಾಯ. ಯಂತ್ರ ನಿಂತಿರುವುದು ಊರಿನಲ್ಲಲ್ಲ, ಗಾಳಿ ಚೆನ್ನಾಗಿರುವ ಉಡುಮಲೈಪೇಟೆಯ ಕಡೆ. ಅಲ್ಲಿ ತಯಾರಾದ ವಿದ್ಯುತ್ತನ್ನು ಪಂಚಾಯಿತಿಯ ಬಳಕೆಗೆ ಹೊಂದಿಸಿ, ಹೆಚ್ಚುವರಿಯನ್ನು ರಾಜ್ಯದ ವಿದ್ಯುತ್ ಮಂಡಳಿಗೆ ಮಾರಲು ಅವಕಾಶವಿದ್ದುದರಿಂದಲೇ ಈ ವ್ಯವಹಾರ ಗಿಟ್ಟಿತು.

ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೂ ಗಾಳಿಯಂತ್ರಗಳು ಸಾಲುಗಟ್ಟಿವೆ. ಬಹುಪಾಲು ಖಾಸಗಿ ಕಂಪನಿಗಳವು. ಜಮೀನು ಕೊಟ್ಟವರ ಕೈಗೆ ಬೆಲೆಯೋ ಗುತ್ತಿಗೆಯ ಹಣವೋ ಸೇರುತ್ತದೆ. ಜಮೀನಿಲ್ಲದವರಿಗೆ ಕಾಣುವುದು ರೆಕ್ಕೆಗಳ ನೆರಳು ಮಾತ್ರ. ಗೀಯಾದಲ್ಲಿ ನಿಂತದ್ದೇ ಜಾತಿಯ 225 ಕಿಲೋವ್ಯಾಟಿನ ಯಂತ್ರಗಳನ್ನು ಭಾರತದಲ್ಲಿ ವೆಸ್ಟಾಸ್ ಆರ್‌ಆರ್‌ಬಿ ತಯಾರಿಸುತ್ತಿತ್ತು. ಹಳೆಯ ಯಂತ್ರಗಳನ್ನು ಕಳಚಿ ದೊಡ್ಡವನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2016ರಲ್ಲಿ ನೀತಿ ತಂದು, 2023ರಲ್ಲಿ ಅದನ್ನು ಪರಿಷ್ಕರಿಸಿತು. ಜಾಗದ ಕರಾರುಗಳು ಮತ್ತೆ ಬರೆಯಲ್ಪಡುವ ಸಂದರ್ಭ ಇದು. ಯಂತ್ರ ನಿಲ್ಲುವ ಊರಿನ ಪಂಚಾಯಿತಿಗೆ ಷೇರಿನಲ್ಲಿ ಪಾಲು ಬೇಕೆಂಬ ಬೇಡಿಕೆಯನ್ನು ಈಗಲೇ ಮುಂದಿಡಬೇಕು. ಒಮ್ಮೆ ಸಹಿಯಾದರೆ ಇನ್ನೊಂದು ಅವಕಾಶಕ್ಕೆ ದಶಕಗಳೇ ಕಾಯಬೇಕಾಗುತ್ತದೆ.